ಕುಡಿದ ನೀರಿನ ಗುರುತು ಕೂದಲಿನಲ್ಲಿ ಸಿಗುತ್ತಾ?

ಪ್ರಶ್ನೆ: ನಾನು ಮಡಿಕೇರಿಯವಳು, ಎರಡು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಕೂದಲು ಪರೀಕ್ಷೆ ಮಾಡಿ ಯಾವ ಊರಿನ ನೀರು ಕುಡಿದಿದ್ದೇವೆ ಅಂತ ಹೇಳಬಹುದಂತೆ, ನಿಜಾನಾ? ತಲೆಸ್ನಾನಕ್ಕೆ ಬೋರ್‌ವೆಲ್ ನೀರು ಬಳಸುತ್ತೇನೆ, ಲೆಕ್ಕ ತಪ್ಪಲ್ವಾ?

ಉತ್ತರ: ನಿಜ. ಆದರೆ ಊರಿನ ಹೆಸರು ಸಿಗಲ್ಲ, ಎಂಥ ನೀರಿನ ಪ್ರದೇಶ ಅನ್ನುವ ಅಂದಾಜು ಸಿಗುತ್ತದೆ.

ಎಲ್ಲ ನೀರೂ ಒಂದೇ ತೂಕದ್ದಲ್ಲ. ನೀರಿನ ಆಕ್ಸಿಜನ್‌ನಲ್ಲಿ ಸುಮಾರು 500 ಪರಮಾಣುವಿಗೆ ಒಂದು ಭಾರದ್ದು, ಅದು ಆಕ್ಸಿಜನ್-18. ಹೈಡ್ರೋಜನ್‌ನಲ್ಲೂ ಡ್ಯುಟೇರಿಯಂ ಅಂತ ಭಾರದ್ದಿದೆ, ಅದು ಇನ್ನೂ ಅಪರೂಪ. ಇವು ವಿಕಿರಣ ಸೂಸಲ್ಲ, ವರ್ಷ ಕಳೆದರೂ ಹಾಗೇ ಇರುತ್ತವೆ, ಅದಕ್ಕೇ ಸ್ಥಿರ ಐಸೋಟೋಪ್ ಅನ್ನುತ್ತೇವೆ. ಮೋಡ ಮಳೆ ಸುರಿಸುವಾಗ ಭಾರದ ನೀರು ಜಾಸ್ತಿ ಪಾಲಿನಲ್ಲಿ ಮೊದಲೇ ಇಳಿದುಬಿಡುತ್ತದೆ. ಹಾಗಾಗಿ ಮೋಡ ಕಡಲಿಂದ ಒಳನಾಡಿಗೆ, ಬೆಟ್ಟಕ್ಕೆ ಹೋದ ಹಾಗೆಲ್ಲ ಮಳೆನೀರು ಹಗುರವಾಗುತ್ತಾ ಹೋಗುತ್ತದೆ. ಆ ನೀರನ್ನು ಕುಡಿದಾಗ ಅದರ ಒಂದು ಪಾಲು ಕೂದಲಿನ ಕೆರಾಟಿನ್ ಅನ್ನುವ ಪ್ರೋಟೀನ್ ಸೇರುತ್ತದೆ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಎಲರಿಂಜರ್, ಸರ್ಲಿಂಗ್ ಮತ್ತು ಜೊತೆಯವರು 65 ಊರುಗಳ ಕಟಿಂಗ್ ಶಾಪ್‌ಗಳಿಂದ ಕೂದಲು ತರಿಸಿ, ನಲ್ಲಿ ನೀರಿನ ಜೊತೆ ಹೋಲಿಸಿ, 2008ರಲ್ಲಿ ಪ್ರಕಟಿಸಿದರು. ನೀರು ನೋಡಿ ಕೂದಲು ಹೇಗಿರುತ್ತದೆ ಅಂತ ಹೇಳುವ ಅವರ ಸೂತ್ರ ಕೂದಲುಗಳ ನಡುವಿನ ವ್ಯತ್ಯಾಸದ ಶೇ 85ಕ್ಕಿಂತ ಜಾಸ್ತಿ ಪಾಲನ್ನು ವಿವರಿಸಿತು. ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಅನ್ನುವ ಸರೋವರದ ಬಳಿ 2000ದಲ್ಲಿ ಗುರುತು ಸಿಗದ ಒಬ್ಬ ಹೆಣ್ಣುಮಗಳ ಮೂಳೆ, ಕೂದಲು ಸಿಕ್ಕಿದ್ದವು. ಆಕೆ ಕೊನೆಯ ಎರಡು ವರ್ಷ ಒಂದೇ ಕಡೆ ಇರಲಿಲ್ಲ, ವಾಯವ್ಯ ರಾಜ್ಯಗಳ ಕಡೆ ಓಡಾಡಿಕೊಂಡಿದ್ದಳು ಅಂತ ಕೂದಲು ಹೇಳಿತು. ಹೆಸರು ತಿಳಿದದ್ದು 2012ರಲ್ಲಿ, ಡಿಎನ್‌ಎಯಿಂದ. ಎಲ್ಲಿ ಹುಡುಕಬೇಕು, ಎಲ್ಲಿ ಬೇಡ ಅಂತ ತೋರಿಸುವುದೇ ಕೂದಲಿನ ಕೆಲಸ, ನನಗೆ ಅದೇನೂ ಸಣ್ಣದಲ್ಲ.

ಸ್ನಾನದ ನೀರಿಗೆ ಹೆದರಬೇಡಿ. ಕೂದಲು ಬೆಳೆದ ಮೇಲೆ ಅದರ ಆಕ್ಸಿಜನ್ ಹೊರಗಿನ ನೀರಿನ ಜೊತೆ ಬದಲಾಗಲ್ಲ. ಹೈಡ್ರೋಜನ್‌ನಲ್ಲಿ ಸ್ವಲ್ಪ ಪಾಲು ಗಾಳಿಯ ತೇವದ ಜೊತೆಗೂ ಅದಲುಬದಲಾಗುತ್ತದೆ, ಲ್ಯಾಬ್‌ನವರು ಅದನ್ನು ಲೆಕ್ಕದಲ್ಲಿ ಸರಿಪಡಿಸುತ್ತಾರೆ. ಎಣ್ಣೆ, ಕೊಳೆ ತೆಗೆಯಲು ಕ್ಲೋರೋಫಾರ್ಮ್, ಮೆಥನಾಲ್‌ನಲ್ಲಿ ತೊಳೆದು, ಚೂರು ಮಾಡಿ, ಪುಟ್ಟ ಬೆಳ್ಳಿ ಬಟ್ಟಲಿನಲ್ಲಿಟ್ಟು ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅನಿಲ ಮಾಡಿ ಅಳೆಯುತ್ತಾರೆ.

ಈಗ ನಿಮ್ಮ ವಿಷಯ, ಇದು ನನಗೆ ತುಂಬಾ ಇಷ್ಟವಾಯಿತು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ನಿಮ್ಮ ಜಡೆಯಲ್ಲಿ ಬುಡದಿಂದ ಸುಮಾರು 24 ಸೆಂಟಿಮೀಟರ್ ಬೆಂಗಳೂರು, ಅದರಾಚೆ ತುದಿವರೆಗೆ ಮಡಿಕೇರಿ. ಆದರೆ ಬೆಂಗಳೂರಿನ ಕಾವೇರಿ ನೀರಿನಲ್ಲಿ ದೊಡ್ಡ ಪಾಲು ನಿಮ್ಮ ಕೊಡಗಿನ ಬೆಟ್ಟಕ್ಕೆ ಬಿದ್ದ ಮಳೆಯೇ ಅಲ್ವಾ? ಕೆಆರ್‌ಎಸ್‌ನಲ್ಲಿ ಬಿಸಿಲಿಗೆ ಹಗುರದ ನೀರು ಜಾಸ್ತಿ ಆವಿಯಾಗಿ ಉಳಿದದ್ದು ಸ್ವಲ್ಪ ಭಾರವಾಗಿರುತ್ತದೆ, ಅಷ್ಟೇ. ಬರೀ ನಲ್ಲಿ ನೀರು ಕುಡಿದಿದ್ದರೆ ನೀವು ಊರು ಬದಲಿಸಿದ್ದು ಕೂದಲಿನಲ್ಲಿ ಸ್ಪಷ್ಟವಾಗಿ ಕಾಣದೇ ಇರಬಹುದು. ಬೋರ್‌ವೆಲ್, ಟ್ಯಾಂಕರ್, ಕ್ಯಾನ್ ನೀರಾದರೆ ಕಥೆ ಬೇರೆ. ನಮ್ಮ ನಗರಗಳಲ್ಲಿ ಅಕ್ಕಪಕ್ಕದ ಮನೆಯವರೂ ಬೇರೆ ಬೇರೆ ನೀರು ಕುಡಿಯುತ್ತಾರೆ. ಬೀದಿ ಬೀದಿಯ ನೀರು ಅಳೆದು ನಕ್ಷೆ ಮಾಡದೆ ಸುಮ್ನೆ ಅಮೆರಿಕದ ಸೂತ್ರ ಇಲ್ಲಿಗೆ ಹಾಕಿದರೆ ತಪ್ಪಾಗುತ್ತದೆ.

ಊಟವೂ ಲೆಕ್ಕಕ್ಕೆ ಬರುತ್ತದೆ. ಕೂದಲಿನ ಹೈಡ್ರೋಜನ್‌ನಲ್ಲಿ ಕುಡಿದ ನೀರಿನದು ಸುಮಾರು ಮೂರನೇ ಒಂದು ಪಾಲು, ಉಳಿದದ್ದು ತಿಂದದ್ದರಿಂದ. ಇನ್ನು ಕಾರ್ಬನ್ ನೋಡಿದರೆ ರಾಗಿ, ಜೋಳ ತಿಂದವರು ಮತ್ತು ಅಕ್ಕಿ ತಿಂದವರು ಬೇರೆಬೇರೆಯಾಗಿ ಕಾಣಬಹುದು, ಏಕೆಂದರೆ ಆ ಗಿಡಗಳು ಗಾಳಿಯಿಂದ ಕಾರ್ಬನ್ ಹಿಡಿಯುವ ರೀತಿಯೇ ಬೇರೆ.

ಯಾರಾದರೂ ಪರೀಕ್ಷೆಗೆ ಕೂದಲು ಕೇಳಿದರೆ ನೆತ್ತಿಗೆ ಹತ್ತಿರ ಕತ್ತರಿಸಿ, ಬುಡದ ಕಡೆ ದಾರ ಕಟ್ಟಿ ಕೊಡಿ. ಬುಡ ಯಾವುದು, ತುದಿ ಯಾವುದು ಗೊತ್ತಾಗದಿದ್ದರೆ ಮಡಿಕೇರಿ ಮೊದಲೋ ಬೆಂಗಳೂರು ಮೊದಲೋ ಹೇಳಲು ಆಗಲ್ಲ.