ಅಷ್ಟು ಬಿಸಿಯಲ್ಲೂ ಕ್ವಾರ್ಕ್‌ಗಳು ಜೋಡಿಯಾಗುತ್ತವಾ?

ನಿಮ್ಮ ಪ್ರಶ್ನೆ: ಸೂಪರ್‌ಕಂಡಕ್ಟರ್‌ಗೆ (ಎಲೆಕ್ಟ್ರಾನ್‌ಗಳು ಜೋಡಿಯಾಗಿ, ಅಡ್ಡಿಯೇ ಇಲ್ಲದೆ ಕರೆಂಟು ಹರಿಸುವ ವಸ್ತು) ಭಾರಿ ಚಳಿ ಬೇಕು. ಹಾಗಿದ್ದರೆ ಕೋಟಿಗಟ್ಟಲೆ ಡಿಗ್ರಿ ಇರುವ ನ್ಯೂಟ್ರಾನ್ ನಕ್ಷತ್ರದೊಳಗೆ (ದೊಡ್ಡ ನಕ್ಷತ್ರ ಸತ್ತ ಮೇಲೆ ಉಳಿಯುವ ಭಾರಿ ದಟ್ಟ ಗೋಳ) ಕ್ವಾರ್ಕ್‌ಗಳು (ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗಿನ ಕಣಗಳು) ಹೇಗೆ ಜೋಡಿಯಾಗುತ್ತವೆ?

ಮೈಸೂರಿನಲ್ಲಿ ಬಿ.ಎಸ್ಸಿ.ಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಈ ಪ್ರಶ್ನೆ ಕ್ಲಾಸಿನಲ್ಲೂ ಬರುತ್ತದೆ. ಚಳಿ ಅಂದರೆ ಯಾವುದರ ಮುಂದೆ ಚಳಿ ಅಂತ ಮೊದಲು ಕೇಳಬೇಕು.

ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಿದ್ದೀರಲ್ವಾ? ಗ್ಯಾಲರಿ ಭರ್ತಿಯಾದ ಮೇಲೆ ನಡುವೆ ಕೂತವರು ಅಲ್ಲಾಡುವ ಹಾಗಿಲ್ಲ. ಅಂಚಿನಲ್ಲಿರುವವರು ಮಾತ್ರ ಎದ್ದು ಓಡಾಡಬಹುದು. ಒಂದು ಸ್ಥಿತಿಯಲ್ಲಿ ಒಂದೇ ಕ್ವಾರ್ಕ್ ಇರಬಹುದಾದ್ದರಿಂದ ಅವೂ ಕೆಳಗಿನ ಎನರ್ಜಿಯಿಂದ ಹೀಗೇ ತುಂಬಿಕೊಳ್ಳುತ್ತವೆ. ಅಷ್ಟು ದಟ್ಟಣೆಯಲ್ಲಿ ಮೇಲಿನ ಅಂಚು ಸುಮಾರು 400 ಎಂಇವಿ (ಕಣಗಳ ಎನರ್ಜಿ ಅಳೆಯುವ ಮಾನ), ಬಿಸಿಯ ಲೆಕ್ಕದಲ್ಲಿ ಅಂದರೆ 4 ಲಕ್ಷ ಕೋಟಿ ಡಿಗ್ರಿಗೂ ಜಾಸ್ತಿ. ನಕ್ಷತ್ರವೋ, ಹುಟ್ಟಿದ ಕೆಲವು ವರ್ಷಗಳಲ್ಲೇ 100 ಕೋಟಿ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಕ್ವಾರ್ಕ್‌ಗಳ ಮಟ್ಟಿಗೆ ಇದು ಕೊರೆಯುವ ಚಳಿ!

ಇನ್ನು ಜೋಡಿಯ ವಿಷಯ. ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುತ್ತವೆ. ಲೋಹದ ಅಯಾನುಗಳ ಕಂಪನ ನಡುವೆ ಬಂದು ಅವನ್ನು ಸೇರಿಸಬೇಕು ಎಂದು 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ತೋರಿಸಿದರು. ಆ ನಂಟು ಬಹಳ ಸಡಿಲ. ಪಾದರಸದಲ್ಲಿ 4.2 ಕೆಲ್ವಿನ್ ದಾಟಿದರೆ ಮುರಿಯುತ್ತದೆ. ಕ್ವಾರ್ಕ್‌ಗಳಿಗೆ ಮಧ್ಯಸ್ಥಿಕೆಯೇ ಬೇಡ. ಅವುಗಳ ನಡುವಿನ ಪ್ರಬಲ ಬಲವೇ ಬೇರೆ ಬೇರೆ 'ಬಣ್ಣ'ದ ಎರಡನ್ನು ಹತ್ತಿರ ಎಳೆಯುತ್ತದೆ. (ಬಣ್ಣ ಅನ್ನೋದು ಸುಮ್ನೆ ಇಟ್ಟ ಹೆಸರು. ವಿದ್ಯುದಾವೇಶದಂಥ ಇನ್ನೊಂದು ಗುಣ ಅದು.) 1998ರಲ್ಲಿ ಎರಡು ತಂಡಗಳು ಲೆಕ್ಕ ಹಾಕಿದಾಗ ಜೋಡಿ ಒಡೆಯಲು ಬೇಕಾದ ಎನರ್ಜಿ 100 ಎಂಇವಿ ಆಸುಪಾಸು ಇರಬಹುದು ಎಂದು ಬಂತು. ಹಾಗಾದರೆ ಸಾವಿರಾರು ಕೋಟಿ ಡಿಗ್ರಿಯಲ್ಲೂ ಅದು ತಡೆದುಕೊಳ್ಳುತ್ತದೆ.

ನನಗೆ ಜಾಸ್ತಿ ಇಷ್ಟವಾಗುವ ಭಾಗ ಇದರ ಮುಂದಿನದು. ಅಪ್, ಡೌನ್, ಸ್ಟ್ರೇಂಜ್ ಮೂರೂ ಬಗೆಯ ಕ್ವಾರ್ಕ್‌ಗಳು ಸಮನಾಗಿ ಜೋಡಿಯಾದರೆ ಒಟ್ಟು ವಿದ್ಯುದಾವೇಶ ತಾನಾಗೇ ಸೊನ್ನೆ, ಎಲೆಕ್ಟ್ರಾನ್‌ಗಳ ಅಗತ್ಯವೇ ಇಲ್ಲ. ಲೋಹದ ಸೂಪರ್‌ಕಂಡಕ್ಟರ್ ಅಯಸ್ಕಾಂತ ಕ್ಷೇತ್ರವನ್ನು ಹೊರದಬ್ಬುತ್ತದೆ, ಈ ಕ್ವಾರ್ಕ್ ದ್ರವ್ಯ ಹೆಚ್ಚುಕಡಿಮೆ ಒಳಗೇ ಬಿಟ್ಟುಕೊಳ್ಳುತ್ತದೆ. ಮಾಮೂಲಿ ಕರೆಂಟಿನ ಲೆಕ್ಕದಲ್ಲಿ ನೋಡಿದರೆ ಇದು ಇನ್ಸುಲೇಟರ್!

ಇದನ್ನು ಇನ್ನೂ ಯಾರೂ ಕಂಡಿಲ್ಲ. ಭೂಮಿಯ ಮೇಲೆ ಅಯಾನುಗಳನ್ನು ಡಿಕ್ಕಿ ಹೊಡೆಸಿದರೆ ಸಿಗುವ ಕ್ವಾರ್ಕ್ ದ್ರವ್ಯ ಇದಕ್ಕೆ ತೀರಾ ಬಿಸಿ. ಹಾಗಾಗಿ ನ್ಯೂಟ್ರಾನ್ ನಕ್ಷತ್ರ ಎಷ್ಟು ಬೇಗ ತಣಿಯುತ್ತದೆ, ಎರಡು ಡಿಕ್ಕಿಯಾದಾಗ ಬರುವ ಗುರುತ್ವ ಅಲೆಗಳು ಹೇಗಿರುತ್ತವೆ ಅನ್ನುವುದರಲ್ಲೇ ಸುಳಿವು ಹುಡುಕುತ್ತಿದ್ದಾರೆ.