ಬರಹಗಾರರಿಗೆ ಸಲಹೆ: ಅರ್ಧ ಅಂದರೆ ಎಷ್ಟರಲ್ಲಿ ಅರ್ಧ?

ನಮಸ್ಕಾರ ಡಾಕ್ಟ್ರೇ,

ಬಾಗಲಕೋಟೆಯಿಂದ ನೀವು ಕಳಿಸಿದ ‘ವೈದ್ಯಕೀಯ ಸಂಶೋಧನೆಯಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್’ (ಅಂದರೆ ಆರೋಗ್ಯದ ಅಂಕಿಅಂಶಗಳ ಲೆಕ್ಕಶಾಸ್ತ್ರ) ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲ ಎರಡು ಪುಟ ಬರೀ ವ್ಯಾಖ್ಯಾನ. ಪರೀಕ್ಷೆ ಇದ್ದವರು ಓದಿಯಾರು, ನಮ್ಮ ಓದುಗರು ಪುಟ ತಿರುವುತ್ತಾರೆ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಬಗೆಗಿನ ಪ್ಯಾರಾ ನನಗೂ ಇಷ್ಟವಾಯ್ತು. ಆದರೆ ಇಲ್ಲಿ ಅದಕ್ಕೆ ಕೆಲಸವಿಲ್ಲ, ತೆಗೆಯಿರಿ.

ಮೂರನೇ ಪುಟದಲ್ಲಿ ಬೆಳಗಾವಿ ಜಿಲ್ಲೆಯ ಮಿಸೊಪ್ರೊಸ್ಟಾಲ್ (ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಕೊಡುವ ಮಾತ್ರೆ) ಪ್ರಯೋಗವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಲೇಖನ ಇರುವುದೇ ಅಲ್ಲಿ. ಆ ಸಾಲೂ ಸರಿಯಿಲ್ಲ. ‘ಬಾಣಂತಿಯರ ರಕ್ತಸ್ರಾವ ಅರ್ಧ ಕಡಿಮೆಯಾಯಿತು’ ಎಂದಿದ್ದೀರಿ. ಅರ್ಧದ ಹತ್ತಿರ ಇಳಿದದ್ದು ರಕ್ತದ ಅಳತೆಯಲ್ಲ, 500 ಮಿ.ಲೀ. ಅಥವಾ ಅದಕ್ಕಿಂತ ಜಾಸ್ತಿ ರಕ್ತ ಕಳೆದುಕೊಂಡ ತಾಯಂದಿರ ಪ್ರಮಾಣ. ಸುಮ್ನೆ ಮಾತ್ರೆ (ನೋಡಲು ಅದೇ ಥರ, ಒಳಗೆ ಔಷಧಿಯಿಲ್ಲ) ತಿಂದವರಲ್ಲಿ ಅದು ನೂರಕ್ಕೆ 12, ಔಷಧಿ ತಿಂದವರಲ್ಲಿ 6.4. ಫರಕು ನೂರಕ್ಕೆ 5.6, ಅಂದರೆ 18 ಜನಕ್ಕೆ ಔಷಧಿ ಕೊಟ್ಟರೆ ಒಬ್ಬರು ಅಷ್ಟು ರಕ್ತಸ್ರಾವದಿಂದ ಪಾರು. ‘ಅರ್ಧ’ ಅಂದಾಗಿನ ಹುರುಪು ‘18ಕ್ಕೆ ಒಬ್ಬರು’ ಅಂದಾಗ ಇರುವುದಿಲ್ಲ ಎಂದು ಅಂಜಬೇಡಿ. ಎರಡನ್ನೂ ಬರೆಯಿರಿ.

ಆ 500 ಮಿ.ಲೀ. ಅಳೆದದ್ದು ಹೇಗೆ? ನೀವು ಹೇಳಿಯೇ ಇಲ್ಲ. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು. ಅದರ ತುದಿಗೆ ಇಳಿಬಿದ್ದ ಚೀಲ, ಚೀಲದ ಮೇಲೆ ಅಳತೆಯ ಗೆರೆ. ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರ್ ಆ ಗೆರೆ ನೋಡಿ ಬರೆದುಕೊಳ್ಳಬೇಕು. ಸೀರೆಗೆ, ಚಾಪೆಗೆ ಹೀರಿದ ರಕ್ತ ಕಣ್ಣಂದಾಜಿಗೆ ಕಡಿಮೆಯೇ ಕಾಣುತ್ತದೆ, ಅಲ್ವಾ? ಅಳತೆಯೇ ತಪ್ಪಿದರೆ ಆಮೇಲೆ ಯಾವ ಸಾಫ್ಟ್‌ವೇರ್ ಏನು ಮಾಡೀತು! ಇನ್ನೊಂದು ಮಾತು: ಯಾವುದು ಔಷಧಿ, ಯಾವುದು ಸುಮ್ನೆ ಮಾತ್ರೆ ಎಂದು ಕೊಡುವ ಸಿಸ್ಟರ್‌ಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಗೆರೆ ಓದುವ ಕಣ್ಣು ಸ್ವಲ್ಪವಾದರೂ ವಾಲುತ್ತಿತ್ತು.

ಸ್ಯಾಂಪಲ್ ಸೈಜಿನ (ಪ್ರಯೋಗಕ್ಕೆ ಎಷ್ಟು ಜನ ಬೇಕು ಎಂಬ ಲೆಕ್ಕದ) ಸೂತ್ರವನ್ನು ಪೂರ್ತಿ ಹೊಡೆದು ಹಾಕಿದ್ದೇನೆ. ಬದಲಿಗೆ ಹೀಗೆ ಕೇಳಿ: 2002ರಿಂದ 2005ರವರೆಗೆ ಕಾದು 1,620 ತಾಯಂದಿರನ್ನು ಯಾಕೆ ಸೇರಿಸಿದರು? ಒಂದೊಂದು ಕಡೆ 40 ಜನ ಸಾಲದೇ? 40ರಲ್ಲಿ ಲೆಕ್ಕ ಹಾಕಿದರೆ ಅಷ್ಟು ರಕ್ತ ಕಳೆದುಕೊಂಡವರು ಸುಮ್ನೆ ಮಾತ್ರೆಯ ಕಡೆ ಸುಮಾರು ಐವರು, ಔಷಧಿಯ ಕಡೆ ಸುಮಾರು ಮೂವರು. ಅಷ್ಟು ಫರಕು ಯಾವ ಔಷಧಿಯೂ ಇಲ್ಲದೆ ಬಂದೀತು. ಇಷ್ಟು ಬರೆದರೆ ಹತ್ತನೇ ಕ್ಲಾಸಿನವರಿಗೂ ತಿಳಿಯುತ್ತದೆ.

ಪಿ ವ್ಯಾಲ್ಯೂ ವಿವರಣೆ ತಪ್ಪು. 0.05ಕ್ಕಿಂತ ಕಡಿಮೆ ಬಂದರೆ ‘ಔಷಧಿ ಕೆಲಸ ಮಾಡುವುದು ನೂರಕ್ಕೆ 95 ಖಾತ್ರಿ’ ಎಂದಲ್ಲ. ಔಷಧಿಯಿಂದ ಏನೂ ಆಗದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಫರಕು ಆಕಸ್ಮಿಕವಾಗಿ ಕಾಣುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ ಎಂದು. ಥೀಸಿಸ್‌ನಲ್ಲೂ ಹೀಗೇ ಬರೆದಿದ್ದರೆ ಈಗಲೇ ತಿದ್ದಿಕೊಳ್ಳಿ.

ಔಷಧಿ ತಿಂದ ಕೆಲವರಿಗೆ ಸ್ವಲ್ಪ ಹೊತ್ತು ಚಳಿ, ಜ್ವರ ಬಂದಿತ್ತು. ಅದನ್ನು ಬಿಟ್ಟುಬಿಟ್ಟಿದ್ದೀರಿ, ಸೇರಿಸಿ. 700 ಪದ ಸಾಕು, ಟೇಬಲ್ ಬೇಡ. ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.