ಪಲ್ಪರ್ ಸಿಪ್ಪೆಯಿಂದ ಕೊಲೆಸ್ಟ್ರಾಲ್ ಔಷಧಿ: ನಿಮ್ಮ ಪ್ರಶ್ನೆಗೆ

ಸರ್, ಮೂಡಿಗೆರೆಯ ನಿಮ್ಮ ತೋಟದಲ್ಲಿ ಪಲ್ಪರ್‌ನಿಂದ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ರಾಶಿ ಬೀಳೋ ಕಾಫಿ ಸಿಪ್ಪೆಗೆ ಬೂಷ್ಟು ಹಿಡಿಸಿ ಕೊಲೆಸ್ಟ್ರಾಲ್ ಔಷಧಿ ಮಾಡಬಹುದಾ ಅಂತ ಕೇಳಿದ್ದೀರಿ. ವಿಷಯ ಸುಳ್ಳಲ್ಲ, ಆದರೆ ಪಲ್ಪರ್ ಶೆಡ್ಡಿನಲ್ಲಿ ಆಗೋ ಕೆಲಸವೂ ಅಲ್ಲ.

ಕೊಲೆಸ್ಟ್ರಾಲ್ ಇಳಿಸೋ ಲೋವಾಸ್ಟಾಟಿನ್ ಎಂಬ ಔಷಧಿ ಬರೋದು ಆಸ್ಪರ್ಜಿಲಸ್ ಟೆರಿಯಸ್ ಎಂಬ ಶಿಲೀಂಧ್ರದಿಂದಲೇ. ಅಮೆರಿಕದಲ್ಲಿ ಅದಕ್ಕೆ 1987ರಲ್ಲಿ ಅನುಮತಿ ಸಿಕ್ಕಿತು. ಗೋಧಿ ಬೂಸಾವನ್ನು ಒದ್ದೆ ಮಾಡಿ, ಒತ್ತಡದ ಹಬೆಯಲ್ಲಿ ಬೇರೆಲ್ಲ ಜೀವಾಣು ಸಾಯಿಸಿ, ಈ ಶಿಲೀಂಧ್ರದ ಶುದ್ಧ ತಳಿಯನ್ನಷ್ಟೇ ಹಾಕಿದರೆ ಬೂಸಾದ ಮೇಲೂ ಬೆಳೆಸಬಹುದು. ಉಳಿಕೆ ಪದಾರ್ಥದ ಮೇಲೆ ಹೀಗೆ ಬೆಳೆಸೋದು ಹೊಸದೇನಲ್ಲ: ಇನ್ನೊಂದು ಶಿಲೀಂಧ್ರದಿಂದ ಬರೋ ಪೆನಿಸಿಲಿನ್ ಇಳುವರಿ 1940ರ ದಶಕದಲ್ಲಿ ಏರಿದ್ದಕ್ಕೂ ಒಂದು ಕಾರಣ, ಮೆಕ್ಕೆಜೋಳದ ಪಿಷ್ಟ ತೆಗೆಯುವಾಗ ಉಳಿಯುವ ನೀರು.

ಕಾಫಿ ಸಿಪ್ಪೆಯ ತಕರಾರೇ ಬೇರೆ. ಅದರ ಕೆಫೀನ್, ಟ್ಯಾನಿನ್ ಎಂಬ ಒಗರು ಅಂಶ ಎಷ್ಟೋ ಶಿಲೀಂಧ್ರಗಳಿಗೆ ಆಗಿಬರಲ್ಲ. ರಾಶಿಯನ್ನು ಸ್ವಲ್ಪ ಕೆದಕಿ ನೋಡಿ: ಮೇಲೆ ಕಪ್ಪು, ಒಳಗೆ ಬಿಸಿ, ಅಂಚಿನಲ್ಲಿ ಬಿಳಿ-ಹಸಿರು ಬೂಷ್ಟು, ಮೂಗಿಗೆ ಹುಳಿ ವಾಸನೆ. ಅದು ಯಾವ ಜಾತಿ ಅಂತ ಕಣ್ಣಳತೆಯಲ್ಲಿ ಹೇಳೋಕಾಗಲ್ಲ. ಕಾಫಿಗೆ ತಗಲುವ, ಅದೇ ಕುಲದ ಬೇರೆ ಕೆಲವು ಆಸ್ಪರ್ಜಿಲಸ್‌ಗಳು ಓಕ್ರಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಕಿಡ್ನಿಗೆ ಹೊಡೆತ, ಕುದಿಸಿದರೂ ಹೋಗಲ್ಲ. ಹಾಗಾಗಿ ಒಣಗಿಸಿ ಕಷಾಯ ಮಾಡಿ ಕುಡಿಯೋ ನಿಮ್ಮ ಸ್ನೇಹಿತರ ಐಡಿಯಾ ದಯವಿಟ್ಟು ಬೇಡ. ಮಾರೋದಕ್ಕೆ ಔಷಧ ಲೈಸೆನ್ಸ್ ಬೇಕು, ಆ ಮಾತು ಆಮೇಲೆ.

ಸಿಪ್ಪೆಯಿಂದ ನಾಲ್ಕು ಕಾಸು ಆಗಬೇಕಾದರೆ ಆಯಿಸ್ಟರ್ ಅಣಬೆ ನೋಡಿ. ಭತ್ತದ ಹುಲ್ಲಿನ ಜೊತೆ ಬೆರೆಸಿ, ಬಿಸಿನೀರಿನಲ್ಲಿ ಹದ ಮಾಡಿ, ಬೀಜ ಹಾಕೋದು. ಉಳಿದದ್ದು ಗೊಬ್ಬರದ ಗುಂಡಿಗೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ, ಸಿಪ್ಪೆ ವಿಲೇವಾರಿ ಬಗ್ಗೆ ಅಲ್ಲೊಮ್ಮೆ ವಿಚಾರಿಸಿ.